ಭಾನುವಾರದ ಮಿಠಾಯಿ

ಸೆಪ್ಟೆಂಬರ್ ೨೪, ಮಂಗಳವಾರ
ನೀರು: ಹದಿನಾಲ್ಕನೆಯ ಗೆರೆ

ಪ್ರೀತಿಯ ದಾರದುಂಡೆಗೆ,

ನಿನಗೆ ಒಂದು ಕೆಲಸ ಹಚ್ಚುವುದಕ್ಕೆ ಈ ಪತ್ರ. ನದಿ ಕಚೇರಿಗೆ ಹೊಸ ಅಳತೆ ಯಂತ್ರ ಬರುತ್ತದಂತೆ. ಅದನ್ನು ಕಲಿಯಲು ನಾನು ಹತ್ತು ದಿನ ಮುಖ್ಯ ಕಚೇರಿಗೆ ಹೋಗಬೇಕು. ಇವರು ಸರಕು ದೋಣಿ ಹತ್ತಿ ಹೋದವರು, ಮುಂದಿನ ತಿಂಗಳ ಕೊನೆಯವರೆಗೆ ಬರುವುದಿಲ್ಲ. ಮಗಳು ಕಡ್ಡಿಯನ್ನು ನಿನ್ನ ಹತ್ತಿರ ಬಿಡಲೇ? ನೀನು ನೋಡಿದಾಗ ತೊಟ್ಟಿಲಿನಲ್ಲಿದ್ದಳು. ಈಗ ಎಂಟು ವರ್ಷ. ಹೆಸರಿಗೆ ತಕ್ಕ ಹಾಗೆ ಕಡ್ಡಿಯಾಗಿದ್ದಾಳೆ. ನೀನು ನನಗಿಂತ ಆರು ತಿಂಗಳು ದೊಡ್ಡವಳಲ್ಲವೇ, ಅದಕ್ಕೆ ನಿನ್ನನ್ನು ದೊಡ್ಡಮ್ಮ ಎಂದು ಕರೆಯಲು ಹೇಳಿಕೊಟ್ಟಿದ್ದೇನೆ. ಬೇಜಾರು ಮಾಡಿಕೊಳ್ಳಬೇಡ.

ಎಂಟು ಗಂಟೆಗೆ ಮಲಗಬೇಕು. ಹಾಲು ಬೇಡ ಎಂದರೆ ಬಲವಂತ ಬೇಡ. ಮಿಠಾಯಿ ಭಾನುವಾರ ಮಾತ್ರ, ಅದೂ ಒಂದೇ ಒಂದು. ಮಿಕ್ಕಿದ್ದಕ್ಕೆ ಎಷ್ಟು ಬೇಕಾದರೂ ನಗು, ಈ ಒಂದಕ್ಕೆ ನಗಬೇಡ.

ಇಲ್ಲಿ ಈಗ ಬೆಳಗಿನ ಮಂಜು. ನದಿ ಎಲ್ಲಿ ಮುಗಿಯಿತು, ಗಾಳಿ ಎಲ್ಲಿ ಶುರುವಾಯಿತು ಗೊತ್ತಾಗುವುದಿಲ್ಲ. ನೀರಿನಲ್ಲಿ ನೆಟ್ಟ ಅಳತೆಯ ಗೋಲು ಕಾಣುವವರೆಗೆ ಮೆಟ್ಟಿಲ ಮೇಲೆ ಕೂತು ಕಾಯುತ್ತೇನೆ. ಒಮ್ಮೊಮ್ಮೆ ನೀರೇ ಇಲ್ಲ, ನಾನು ಸುಮ್ಮನೆ ಬಿಳಿ ಬಣ್ಣದ ಅಂಚಿನಲ್ಲಿ ಕೂತಿದ್ದೇನೆ ಅನ್ನಿಸುತ್ತದೆ. ಇದನ್ನು ಕಚೇರಿಯ ವರದಿಯಲ್ಲಿ ಬರೆಯುವ ಹಾಗಿಲ್ಲ, ಅದಕ್ಕೆ ನಿನಗೆ ಬರೆದೆ.

ನಿನ್ನ
ಅಳತೆಗೋಲು


ಸೆಪ್ಟೆಂಬರ್ ೨೯, ಭಾನುವಾರ

ಅಳತೆಗೋಲೇ,

ಕಳಿಸು ಕಣೆ, ಕೇಳುವುದೇನು! ಹತ್ತು ದಿನ ಯಾಕೆ, ಹತ್ತು ತಿಂಗಳು ಇರಲಿ. ನಿನ್ನ ಕಾನೂನುಗಳನ್ನೆಲ್ಲ ಓದಿ ತಲೆಯ ಮೇಲೆ ಹೊತ್ತುಕೊಂಡಿದ್ದೇನೆ. ಶಾಲೆಯಲ್ಲಿ ಎಲ್ಲರ ಸೀಸದಕಡ್ಡಿ ಒಂದೇ ಉದ್ದ ಇರಬೇಕೆಂದು ಹಟ ಹಿಡಿದವಳು ನೀನು, ಇನ್ನೂ ಹಾಗೇ ಇದ್ದೀಯೆಂದು ಖುಷಿಯಾಯಿತು.

ನನ್ನ ಹೊಲಿಗೆ ಕೋಣೆ ನಾಟಕಶಾಲೆಯ ಹಿಂದೆ, ಮೂರನೆಯ ಮಹಡಿಯಲ್ಲಿದೆ. ಈ ಸಲದ ನಾಟಕದಲ್ಲಿ ಚಂದ್ರ ದಾರಿ ತಪ್ಪಿ ಒಂದು ಊರಿನ ಬೀದಿಗಿಳಿಯುತ್ತಾನೆ. ಹಾಗಾಗಿ ನನ್ನ ತಲೆಯ ಮೇಲೆ ಹನ್ನೆರಡು ಮೋಡಗಳು ತೂಗುತ್ತಿವೆ, ಎಲ್ಲ ತೆಳು ಬಟ್ಟೆಯವು. ಕಿಟಕಿ ತೆಗೆದರೆ ನಿಧಾನವಾಗಿ ತಿರುಗುತ್ತವೆ. ಗೋಡೆಯುದ್ದಕ್ಕೂ ರಾಜ, ದ್ವಾರಪಾಲಕರು, ಮುದುಕಿ, ಚಂದ್ರ, ಎಲ್ಲರೂ ಮೈಯಿಲ್ಲದೆ ಕೊಕ್ಕೆಯಲ್ಲಿ ನೇತಾಡುತ್ತಿದ್ದಾರೆ. ಮಧ್ಯಾಹ್ನ ಊಟ ಮಾಡಿ ಕೂತರೆ ಅವರೆಲ್ಲ ನನ್ನ ಜೊತೆ ತೂಕಡಿಸುತ್ತಾರೆ.

ನನ್ನದೊಂದು ಅಭ್ಯಾಸ ನಿನಗೆ ಹೇಳಿದ್ದೆನೋ ಇಲ್ಲವೋ. ನಾನು ಹೊಲಿದ ಪ್ರತಿ ಉಡುಪಿಗೂ ಒಳಗೆ, ಎಡಗಡೆ, ಎದೆಯ ಹತ್ತಿರ ಒಂದು ಪುಟ್ಟ ಜೇಬು ಇರುತ್ತದೆ. ಹೊರಗಿನಿಂದ ನೋಡಿದರೆ ಕಾಣುವುದಿಲ್ಲ. ರಾಜನಾದರೇನು, ಬೆವರು ಒರೆಸಿಕೊಳ್ಳಲು ಕರವಸ್ತ್ರ ಬೇಡವೇ? ನಿರ್ದೇಶಕರಿಗೆ ಗೊತ್ತಾದರೆ ಬಟ್ಟೆ ದಂಡ ಅಂತಾರೆ. ನಟರು ಯಾರೂ ಬಾಯಿ ಬಿಡುವುದಿಲ್ಲ.

ಕಡ್ಡಿಗೆ ಮಲಗಲು ಕಿಟಕಿಯ ಪಕ್ಕದ ಮಂಚ. ಕಣ್ಣು ಬಿಟ್ಟರೆ ಮೋಡ.

ನಿನ್ನ
ದಾರದುಂಡೆ


ಅಕ್ಟೋಬರ್ ೧೪, ಸೋಮವಾರ

ಅಳತೆಗೋಲೇ,

ನೀನು ತರಬೇತಿಯಿಂದ ಮನೆಗೆ ಬರುವ ಹೊತ್ತಿಗೆ ಈ ಪತ್ರ ನಿನ್ನ ಬಾಗಿಲ ಸಂದಿಯಲ್ಲಿ ಕಾಯುತ್ತಿರುತ್ತದೆ. ನಿನ್ನ ಮಗಳು ಹೇಗಿದ್ದಾಳೆಂದು ಕೇಳಬೇಡ. ಮೊದಲ ದಿನ ಕುರ್ಚಿಯ ತುದಿಯಲ್ಲಿ ಕೂತಿದ್ದಳು. ಈಗ ಗುಂಡಿ ಪೆಟ್ಟಿಗೆಗೆ ಅವಳೇ ಯಜಮಾನಿ. ಒಳಜೇಬಿನ ಗುಟ್ಟು ಅವಳಿಗೆ ಹೇಳಿದೆ. ಒಂದೊಂದು ಉಡುಪಿನೊಳಗೂ ಕೈ ತೂರಿಸಿ, "ಇದೆ ದೊಡ್ಡಮ್ಮ, ಇದ್ರಲ್ಲೂ ಇದೆ!" ಅಂತ ಕೂಗುತ್ತಾಳೆ.

ಇನ್ನು ಬೈಗುಳಕ್ಕೆ ಸಿದ್ಧವಾಗಿಯೇ ಬರೆಯುತ್ತೇನೆ. ಕಿಟಕಿಯ ಮೇಲೆ ನನ್ನ ಮಿಠಾಯಿ ಡಬ್ಬಿ ಇದೆಯಲ್ಲ, ಗಾಜಿನದು. ಈ ಮನೆಗೆ ಬಂದ ಮಗು ದಿನಕ್ಕೊಮ್ಮೆ ಅದಕ್ಕೆ ಕೈ ಹಾಕಲೇಬೇಕು, ಇಲ್ಲದಿದ್ದರೆ ದೊಡ್ಡಮ್ಮನಿಗೆ ಬೇಜಾರಾಗುತ್ತದೆ. ಇದು ನನ್ನ ಕಾನೂನು. ನಿನ್ನ ಕಾನೂನು ಮೂರು ಮಹಡಿ ಹತ್ತಿ ಬರಲಿಲ್ಲ, ಮೆಟ್ಟಿಲಲ್ಲೇ ದಮ್ಮು ಕಟ್ಟಿ ಕೂತುಬಿಟ್ಟಿತು ಅಂದುಕೋ. ಸೋಮವಾರ ಬಂದವಳು, ಇವತ್ತಿಗೆ ಎಂಟು ದಿನ, ಎಂಟು ಮಿಠಾಯಿ. ನಿಂಬೆಹುಳಿಯದೇ ಬೇಕು ಅವಳಿಗೆ, ಹಳದಿ ಕಾಗದದ್ದು. "ಥ್ಯಾಂಕ್ಸ್ ದೊಡ್ಡಮ್ಮ" ಅಂತ ಮುಷ್ಟಿ ಮುಚ್ಚಿಕೊಂಡು ತೂಗುಹಾಕಿದ ಉಡುಪುಗಳ ಮಧ್ಯೆ ಓಡಿದರೆ ಆಮೇಲೆ ಕಾಲು ಮಾತ್ರ ಕಾಣುತ್ತದೆ. ನಿನ್ನೆ ಒಂದನ್ನು ನನ್ನ ಮುಂದೆ ಕೂತೇ ತಿಂದಳು. ಆಮೇಲೆ ಅರ್ಧ ಗಂಟೆ ಕನ್ನಡಿಯಲ್ಲಿ ನಾಲಿಗೆ ನೋಡಿಕೊಂಡಳು.

ಚಂದ್ರನ ನಿಲುವಂಗಿಯಲ್ಲಿ ಉಳಿದ ಕಡುನೀಲಿ ಉಣ್ಣೆಬಟ್ಟೆಯಿಂದ ಅವಳಿಗೊಂದು ಕೋಟು ಹೊಲಿಯುತ್ತಿದ್ದೇನೆ. ಬುಧವಾರ ಅದನ್ನು ಹಾಕಿಕೊಂಡೇ ನಿನ್ನೂರಿನ ಬಸ್ಸು ಇಳಿಯುತ್ತಾಳೆ. ಅವಳಿಲ್ಲದೆ ಈ ಕೋಣೆಯಲ್ಲಿ ಹೇಗಿರುತ್ತೇನೋ ಗೊತ್ತಿಲ್ಲ.

ನಿನ್ನ
ದಾರದುಂಡೆ


ಅಕ್ಟೋಬರ್ ೨೦, ಭಾನುವಾರ

ಹತ್ತು ದಿನ ಮಗಳನ್ನು ನೋಡಿಕೊಂಡಿದ್ದಕ್ಕೆ ನಾನು ಋಣಿ. ಇದನ್ನು ಮೊದಲು ಹೇಳಿಬಿಡುತ್ತೇನೆ.

ನಿನ್ನ ಪತ್ರ ಓದಿದೆ. ಅವಳನ್ನು ಎದುರು ನಿಲ್ಲಿಸಿಕೊಂಡು, "ದಿನಾ ತಿಂದ್ಯಾ?" ಅಂತ ಕೇಳಿದೆ. ತಲೆ ತಗ್ಗಿಸಿ ಕಾಲ್ಬೆರಳು ನೋಡುತ್ತಾ ನಿಂತಳು. ಹೌದು ಅನ್ನಲಿಲ್ಲ, ಇಲ್ಲ ಅಂತಲೂ ಅನ್ನಲಿಲ್ಲ. ನನ್ನ ಮಗಳು ನನ್ನೆದುರು ಹೀಗೆ ಬಾಯಿ ಮುಚ್ಚಿ ನಿಂತಿದ್ದು ಇದೇ ಮೊದಲು. ಮುಚ್ಚಿಡುವುದನ್ನು ಅವಳು ನಿನ್ನ ಮನೆಯಲ್ಲಿ ಕಲಿತು ಬಂದಳು.

ನಗಬೇಡ ಎಂದು ಬರೆದಿದ್ದೆ. ನೀನು ಓದಿದ್ದೆ, ಓದಿಯೂ ನಕ್ಕೆ. ನಿನಗೆ ಬೇಕಾದ್ದನ್ನು ನಿನ್ನ ಮನೆಯಲ್ಲಿ ಮಾಡಿಕೋ. ಆದರೆ ಅಮ್ಮನ ಮಾತು ಮೆಟ್ಟಿಲಲ್ಲಿ ಉಳಿಯುತ್ತದೆ ಎಂದು ಎಂಟು ವರ್ಷದವಳಿಗೆ ತೋರಿಸಿಕೊಟ್ಟರೆ ಮುಂದೆ ಅವಳು ಯಾರ ಮಾತು ನಂಬಬೇಕು?

ಹತ್ತರಲ್ಲಿ ಒಂದು ಭಾನುವಾರದ್ದು, ಅದು ಅವಳದೇ. ಮಿಕ್ಕ ಒಂಬತ್ತಕ್ಕೆ ಇವತ್ತಿನಿಂದ ಒಂಬತ್ತು ಭಾನುವಾರ ಮಿಠಾಯಿ ಇಲ್ಲ ಎಂದಿದ್ದೇನೆ. ಅವಳು "ಹ್ಞೂಂ" ಅಂದಳು, ಅಷ್ಟೇ.

ಮುಂದಿನ ರಜೆಗೆ ಅವಳು ನಿನ್ನಲ್ಲಿಗೆ ಬರುವುದಿಲ್ಲ.

ಇಂತಿ,
ಕಡ್ಡಿಯ ಅಮ್ಮ


ಅಕ್ಟೋಬರ್ ೨೭, ಭಾನುವಾರ

ಕಡ್ಡಿಯ ಅಮ್ಮನವರಿಗೆ,

ಪತ್ರದ ತಲೆಯಲ್ಲಿ ನೀರಿನ ಗೆರೆ ಇರಲಿಲ್ಲ. ನದಿ ಬತ್ತಿಹೋಯಿತೋ, ನನಗೆ ಹೇಳುವುದು ಬೇಡವಾಯಿತೋ?

ಬೆರಳ ತುದಿಯಷ್ಟು ಮಿಠಾಯಿಗೆ ಒಂಬತ್ತು ವಾರದ ಶಿಕ್ಷೆ! ಆ ಮಗುವಿಗೆ ಈ ಹತ್ತು ದಿನದಲ್ಲಿ ನಾನು ಏನೇನು ಕೊಟ್ಟೆ, ಅವಳು ನನಗೆ ಏನೇನು ಕೊಟ್ಟಳು, ಅದೆಲ್ಲ ಬಿಟ್ಟು ನಿನಗೆ ಕಂಡಿದ್ದು ಒಂಬತ್ತು ಕಾಗದದ ಚೂರು. ಮುಚ್ಚಿಡುವುದನ್ನು ನನ್ನ ಮನೆಯಲ್ಲಿ ಕಲಿತಳಂತೆ. ನಾನು ಮುಚ್ಚಿಟ್ಟೆನೇ? ಲೆಕ್ಕದ ಸಮೇತ ನಾನೇ ಬರೆದು ತಿಳಿಸಲಿಲ್ಲವೇ? ಪ್ರೀತಿಯಿಂದ ಕೊಡುವುದಕ್ಕೂ ವಾರ ನೋಡಬೇಕೆಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಇದಕ್ಕಿಂತ ಹೆಚ್ಚು ಬರೆದರೆ ಜಗಳವಾಗುತ್ತದೆ. ಕೋಟಿನ ತೋಳು ಸರಿಹೋಯಿತೇ? ಸ್ವಲ್ಪ ಉದ್ದ ಬಿಟ್ಟಿದ್ದೇನೆ, ಬೆಳೆಯುವ ಮಗು ಅಂತ. ಅದರ ಬಗ್ಗೆ ನೀನು ಒಂದಕ್ಷರವೂ ಬರೆಯಲಿಲ್ಲ.

ದಾರದುಂಡೆ


ನವೆಂಬರ್ ೧೦, ಭಾನುವಾರ

ದಾರದುಂಡೆಗೆ,

ಕೋಟು ಸರಿಯಾಗಿದೆ. ಇಲ್ಲಿ ಚಳಿ ಇನ್ನೂ ಅಷ್ಟು ಬಂದಿಲ್ಲ.

ಎರಡು ವಾರ ಯೋಚಿಸಿ ಬರೆಯುತ್ತಿದ್ದೇನೆ. ನಿನಗೆ ಗೊತ್ತಿಲ್ಲದ್ದೇನಲ್ಲ, ಮರೆತಿರಬಹುದು. ನಮ್ಮಪ್ಪ ಬರುತ್ತೇನೆಂದ ದಿನ ಬರುತ್ತಿರಲಿಲ್ಲ. ನಾನು ಎರಡು ಜಡೆ ಹಾಕಿಸಿಕೊಂಡು, ಕಿಟಕಿಯ ಸರಳು ಹಿಡಿದು, ಬೀದಿ ದೀಪ ಹತ್ತುವವರೆಗೂ ನಿಲ್ಲುತ್ತಿದ್ದೆ. ಮಾರನೆಯ ದಿನವೋ ಅದರಾಚೆಯ ದಿನವೋ ಬರುತ್ತಿದ್ದರು, ಕೈಯಲ್ಲಿ ಒಂದು ಮಿಠಾಯಿ ಪೊಟ್ಟಣ. "ತಗೋ, ಮುಖ ಸಿಂಡರಿಸ್ಕೋಬೇಡ" ಅನ್ನುತ್ತಿದ್ದರು. ಬಾಯಲ್ಲಿ ಮಿಠಾಯಿ ಇದ್ದರೆ ಏನೂ ಕೇಳುವ ಹಾಗಿಲ್ಲವಲ್ಲ. ಆ ಪೊಟ್ಟಣ ನನ್ನ ಗಂಟಲಿಗೆ ಇಳಿಯುತ್ತಿರಲಿಲ್ಲ. ಶಾಲೆಗೆ ತಂದು ನಿನ್ನ ಕೈಗೆ ಕೊಟ್ಟುಬಿಡುತ್ತಿದ್ದೆ.

ಕಡ್ಡಿ ಹುಟ್ಟಿದಾಗ ಒಂದು ತೀರ್ಮಾನ ಮಾಡಿದೆ. ನನ್ನ ಮನೆಯಲ್ಲಿ ಮಿಠಾಯಿ ಯಾವುದಕ್ಕೂ ಬದಲಾಗಿ ಬರಬಾರದು. ತಪ್ಪಿಗಲ್ಲ, ಒಳ್ಳೆಯ ಅಂಕಕ್ಕಲ್ಲ, ಯಾರ ಪ್ರೀತಿ ತೋರಿಸುವುದಕ್ಕೂ ಅಲ್ಲ. ಅದು ತನ್ನ ದಿನಕ್ಕೆ ತಾನಾಗಿ ಬರಬೇಕು, ಸೂರ್ಯ ಬಂದ ಹಾಗೆ, ಯಾರೂ ಬೇಡಬಾರದು, ಯಾರೂ ಒಲಿಸಬಾರದು. ಅದಕ್ಕೆ ಭಾನುವಾರ. ನೀನು ನನ್ನನ್ನು ಜಿಪುಣಿ ಎಂದುಕೊಂಡೆ.

ಅಳತೆಗೋಲು


ಡಿಸೆಂಬರ್ ೧, ಭಾನುವಾರ

ಅಳತೆಗೋಲೇ,

ನಿನ್ನ ಪತ್ರ ಕತ್ತರಿಯ ಕೆಳಗೆ ಇಟ್ಟು ಮೂರು ವಾರವಾಯಿತು. ಏನು ಬರೆದರೂ ತಪ್ಪಾಗುತ್ತದೆ ಎಂದು ಸುಮ್ಮನಿದ್ದೆ. ಮರೆತಿಲ್ಲ ಕಣೆ. ನೀನು ಪೊಟ್ಟಣ ಕೊಡುವಾಗ ನನ್ನ ಮುಖ ನೋಡುತ್ತಿರಲಿಲ್ಲ, ಅದೂ ನೆನಪಿದೆ.

ನಿನಗೆ ಗೊತ್ತಿಲ್ಲದ್ದನ್ನು ನಾನೂ ಒಂದು ಹೇಳುತ್ತೇನೆ. ಆ ಪೊಟ್ಟಣದಲ್ಲಿ ಯಾವಾಗಲೂ ನಾಲ್ಕೇ ಇರುತ್ತಿದ್ದವು. ಮನೆಯಲ್ಲಿ ನಾವು ಐದು ಮಕ್ಕಳು, ನಾನು ದೊಡ್ಡವಳು. ಬಾಗಿಲಲ್ಲೇ ನಾಲ್ಕು ಕೈ ಚಾಚಿಕೊಂಡು ನಿಂತಿರುತ್ತಿದ್ದವು. "ನನಗೆ ಬೇಡ" ಅಂದು ನಾನು ಕಾಗದ ಮಾತ್ರ ಇಟ್ಟುಕೊಳ್ಳುತ್ತಿದ್ದೆ. ಬೆಳಕಿಗೆ ಹಿಡಿದು ನೋಡಿದರೆ ಬೀದಿಯೆಲ್ಲ ಹಳದಿ. ನಿನ್ನ ಅಪ್ಪನ ಮಿಠಾಯಿಯ ರುಚಿ ಹೇಗಿತ್ತೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ನನ್ನ ಮೊದಲ ಸಂಬಳದಲ್ಲಿ ಆ ಗಾಜಿನ ಡಬ್ಬಿ ಕೊಂಡೆ. ನನ್ನ ಮನೆಯಲ್ಲಿ ಯಾವ ಮಗುವೂ "ನನಗೆ ಬೇಡ" ಅನ್ನಬಾರದು ಎಂದು ಆವತ್ತೇ ತೀರ್ಮಾನಿಸಿದೆ. ಬೇಡ ಅನ್ನುವ ಮಗುವನ್ನು ಕಂಡರೆ ನನಗೆ ಭಯವಾಗುತ್ತದೆ.

ಜನವರಿಯಲ್ಲಿ ನಾಟಕ. ಉಡುಪುಗಳನ್ನೆಲ್ಲ ಚೀಲದೊಳಗೆ ಹಾಕಿ ಕಟ್ಟಿಟ್ಟಿದ್ದೇನೆ, ಕೋಣೆ ಖಾಲಿ ಕಾಣುತ್ತದೆ. ಮೋಡಗಳು ಮಾತ್ರ ತಿರುಗುತ್ತಿವೆ. ನೀಲಿ ಕೋಟಿನಲ್ಲಿ ಕಡ್ಡಿಯನ್ನು ನೋಡಬೇಕೆಂದು ಆಸೆ ಇತ್ತು. ಇನ್ನು ಕೇಳುವುದಿಲ್ಲ.

ದಾರದುಂಡೆ


ಜನವರಿ ೧೮, ಶನಿವಾರ

ಅಳತೆಗೋಲೇ,

ಹಿಂದಿನ ಪತ್ರಕ್ಕೆ ನೀನು ಉತ್ತರ ಬರೆಯಲಿಲ್ಲ. ಬರೆಯದಿದ್ದರೂ ಇದನ್ನು ಓದಲೇಬೇಕು. ಕೂತು ಓದು.

ನಿನ್ನೆ ಮಧ್ಯಾಹ್ನ ಉಡುಪು ತೊಟ್ಟು ಮಾಡುವ ಮೊದಲ ತಾಲೀಮು. ಕಡ್ಡಿ ಹೋದ ಮೇಲೆ ಕಟ್ಟಿಟ್ಟ ಚೀಲಗಳನ್ನು ಬಿಚ್ಚಿದೆ. ಎರಡನೆಯ ದೃಶ್ಯದಲ್ಲಿ ಚಂದ್ರ ಊರ ಬಾಗಿಲಿಗೆ ಬಂದು ನಿಲ್ಲಬೇಕು. ದೀಪದ ಬಿಸಿಗೆ ಬೆವರಿ, ಕರವಸ್ತ್ರಕ್ಕೆಂದು ಒಳಜೇಬಿಗೆ ಕೈ ಹಾಕಿದ. ಹಾಕಿದವನು ಹಾಗೇ ನಿಂತ. ಮಾತು ಮರೆತ. ನಿರ್ದೇಶಕರು ಕೆಳಗಿನಿಂದ, "ಏನಯ್ಯಾ, ಚಂದ್ರನಿಗೆ ಗ್ರಹಣ ಹಿಡಿತಾ?" ಅಂದರು. ಅವನು ಕೈ ಎತ್ತಿ ತೋರಿಸಿದ. ತೆಳು ಬಟ್ಟೆಯ ಚೂರು, ಮೋಡ ಕತ್ತರಿಸುವಾಗ ಉಳಿಯುತ್ತದಲ್ಲ, ಅದು. ಅದರೊಳಗೆ ಹಳದಿ ಕಾಗದದ ನಿಂಬೆಹುಳಿ ಮಿಠಾಯಿ.

ಎಲ್ಲರೂ ತಮ್ಮ ತಮ್ಮ ಒಳಜೇಬಿಗೆ ಕೈ ಹಾಕಿದರು. ರಾಜನ ಹತ್ತಿರ ಒಂದು. ಮುದುಕಿಯ ಹತ್ತಿರ ಒಂದು. ದ್ವಾರಪಾಲಕರಿಬ್ಬರಿಗೂ, ಊರವರ ಪಾತ್ರದ ಮೂವರಿಗೂ ಒಂದೊಂದು. "ನಮಗೆಲ್ಲ ಧೈರ್ಯಕ್ಕೆ ಅಂತ ಇಟ್ರಾ ಅಕ್ಕಾ?" ಅಂತ ಕೇಳಿದರು. ನಾನು ಮೆಟ್ಟಿಲ ಮೇಲೆ ಕೂತುಬಿಟ್ಟೆ.

ಅವಳು ತಿಂದಿಲ್ಲ ಕಣೆ. ಭಾನುವಾರದ ಒಂದು ಬಿಟ್ಟರೆ ಒಂದನ್ನೂ ತಿಂದಿಲ್ಲ. ನನಗೆ ಬೇಜಾರಾಗಬಾರದೆಂದು ತೆಗೆದುಕೊಂಡಳು, ನಿನಗೆ ಬೇಜಾರಾಗಬಾರದೆಂದು ತಿನ್ನಲಿಲ್ಲ. ಎರಡು ಮನೆಯ ಕಾನೂನಿನ ಮಧ್ಯೆ ಅವಳಿಗೆ ಸಿಕ್ಕಿದ್ದು ಆ ಉಡುಪುಗಳ ಒಳಜೇಬು ಮಾತ್ರ. ನೀನು ಕೇಳಿದಾಗ ತಿಂದಿಲ್ಲ ಅಂದಿದ್ದರೆ ನಾನು ಕೊಟ್ಟಿದ್ದನ್ನು ಬೇಡ ಅಂದ ಹಾಗಾಗುತ್ತಿತ್ತು. ಅದಕ್ಕೆ ಕಾಲ್ಬೆರಳು ನೋಡಿಕೊಂಡು ನಿಂತಳು.

ನಾವಿಬ್ಬರೂ ನಮ್ಮ ನಮ್ಮ ಬಾಲ್ಯವನ್ನು ಒಂದು ಎಂಟು ವರ್ಷದ ಮಗುವಿನ ಕೈಗೆ ಕೊಟ್ಟು, ಬೀಳಿಸಬೇಡ ಎಂದುಬಿಟ್ಟೆವು. ಅವಳು ಬೀಳಿಸಲಿಲ್ಲ. ನನಗೆ ನಾಚಿಕೆಯಾಗಿದೆ. ನಿನ್ನ ಕಾನೂನಿಗೆ ನಕ್ಕಿದ್ದು ನನ್ನ ತಪ್ಪು. ಅವಳ ಒಂಬತ್ತು ಭಾನುವಾರ ಹೋಗಿದ್ದಕ್ಕೂ ನಾನೇ ಕಾರಣ.

ಒಂದೇ ಒಂದು ತಾಳೆಯಾಗುತ್ತಿಲ್ಲ. ಒಟ್ಟು ಎಂಟು ಸಿಕ್ಕಿವೆ. ಒಂಬತ್ತನೆಯದಕ್ಕೆ ಮೋಡಗಳನ್ನೂ ಇಳಿಸಿ ಜಾಲಾಡಿದೆ. ಎಲ್ಲಿಟ್ಟಳೋ, ಕೇಳಿ ಬರೆ.

ನಿನ್ನ
ದಾರದುಂಡೆ


ಜನವರಿ ೨೨, ಬುಧವಾರ
ನೀರು: ನೋಡಲಿಲ್ಲ

ನನ್ನ ದಾರದುಂಡೆಗೆ,

ನಿನ್ನ ಪತ್ರ ಕಚೇರಿಯ ಟಪಾಲಿನಲ್ಲಿ ಮಧ್ಯಾಹ್ನ ಬಂತು. ಮೆಟ್ಟಿಲ ಮೇಲೆ ಕೂತು ಓದಿದೆ, ಮತ್ತೆ ಓದಿದೆ. ತಲೆ ಎತ್ತಿದಾಗ ಮೂರು ಗಂಟೆಯ ಅಳತೆಯ ಹೊತ್ತು ಮೀರಿತ್ತು. ಹನ್ನೊಂದು ವರ್ಷದಲ್ಲಿ ಇದೇ ಮೊದಲು. ನದಿ ತನ್ನ ಪಾಡಿಗೆ ಹರಿಯುತ್ತಿತ್ತು, ನಾನು ನೋಡದಿದ್ದರೂ ಅದಕ್ಕೇನೂ ಆಗಿರಲಿಲ್ಲ.

ಡಿಸೆಂಬರಿನ ಪತ್ರಕ್ಕೆ ಯಾಕೆ ಬರೆಯಲಿಲ್ಲ ಅಂದರೆ, ನಾಲ್ಕೇ ಇರುತ್ತಿದ್ದವು ಎಂದು ಓದಿದ ಮೇಲೆ ನನ್ನ ಕೈ ಓಡಲಿಲ್ಲ. ಅಷ್ಟು ವರ್ಷ ನಿನ್ನ ಪಕ್ಕದಲ್ಲೇ ಕೂತವಳು, ಒಂದು ದಿನವಾದರೂ ನಿನ್ನ ಬಾಯಿ ನೋಡಲಿಲ್ಲ. ಮುಂದಿನ ರಜೆಗೆ ಕಡ್ಡಿ ಬರುತ್ತಾಳೆ, ನಾನೂ ಬರುತ್ತೇನೆ. ಆ ಡಬ್ಬಿಗೆ ಮೊದಲು ನೀನು ಕೈ ಹಾಕಬೇಕು. ನಾವಿಬ್ಬರೂ ಎದುರಿಗೆ ಕೂತು ನೋಡುತ್ತೇವೆ.

ಇನ್ನು ನಿನ್ನ ಹತ್ತಿರ ಮುಚ್ಚಿಟ್ಟಿದ್ದು. ಕೋಟು ಸರಿಯಾಗಿದೆ ಎಂದು ಬರೆದೆನಲ್ಲ, ಸುಳ್ಳು. ಬಂದ ದಿನ ನಿನ್ನ ಪತ್ರ ಓದಿದ ಸಿಟ್ಟಿಗೆ ಅವಳ ಮೈಮೇಲಿಂದ ಬಿಚ್ಚಿಸಿ ಪೆಟ್ಟಿಗೆಯ ತಳಕ್ಕೆ ತುರುಕಿದ್ದೆ. ಈ ಚಳಿಯಲ್ಲೆಲ್ಲ ಹಳೆಯ ಸ್ವೆಟರಿನಲ್ಲೇ ಶಾಲೆಗೆ ಹೋದಳು. ಮೂರು ಸಲ ಕೇಳಿದಳು, "ಅಮ್ಮಾ, ಆ ಕೋಟು ಕೊಡ್ತೀಯಾ?" ಮೂರು ಸಲವೂ, "ಹೊಸದು ಸಿಕ್ಕಿದ್ರೆ ಹಳೇದು ಬೇಡ್ವಾ?" ಅಂತ ಗದರಿದೆ. ಆಮೇಲೆ ಕೇಳುವುದು ಬಿಟ್ಟಳು. ಮೂರು ಸಲವೂ ಶನಿವಾರ ಸಂಜೆಯೇ ಕೇಳಿದ್ದಳು ಎಂಬುದು ನನಗೆ ಇವತ್ತು ಹೊಳೆಯಿತು.

ಮನೆಗೆ ಬಂದವಳೇ ಪೆಟ್ಟಿಗೆ ತೆಗೆದೆ. ನೀನು ಎಷ್ಟು ಚೆನ್ನಾಗಿ ಹೊಲಿದಿದ್ದೀಯ! ಮಡಿಲಲ್ಲಿ ಹರಡಿಕೊಂಡರೆ ಸಂಜೆ ಇನ್ನೇನು ಕತ್ತಲಾಗುವಾಗಿನ ನದಿಯ ಬಣ್ಣ. ಒಳಗೆ, ಎಡಗಡೆ, ಬೆರಳಿಗೆ ಜೇಬು ಸಿಕ್ಕಿತು. ಮೋಡದ ಬಟ್ಟೆಯ ಚೂರು, ಹಳದಿ ಕಾಗದ. ಉಣ್ಣೆಯ ಕಾವಿಗೆ ಸ್ವಲ್ಪ ಕರಗಿ ಕಾಗದಕ್ಕೆ ಅಂಟಿಕೊಂಡಿತ್ತು.

ಅಷ್ಟರಲ್ಲಿ ಶಾಲೆಯಿಂದ ಬಂದಳು. ಬಾಗಿಲಲ್ಲೇ ನಿಂತಳು.

"ಯಾಕೆ ಹೇಳ್ಲಿಲ್ಲ ಮಗಳೇ?" ಅಂದೆ.

"ಹೇಳಿದ್ರೆ ನೀನು ದೊಡ್ಡಮ್ಮಂಗೆ ಬರೀತಿದ್ದೆ. ದೊಡ್ಡಮ್ಮ ಅಳ್ತಿದ್ರು."

"ನಾನು ಬೈದೆನಲ್ಲ, ಒಂಬತ್ತು ವಾರ ಕೊಡ್ಲಿಲ್ವಲ್ಲ."

"ಒಂಬತ್ತು ವಾರ ಮುಗಿಯುತ್ತಲ್ಲಮ್ಮ."

ಕೈಯಲ್ಲಿದ್ದ ಮಿಠಾಯಿ ತೋರಿಸಿ, "ಇದನ್ನ ಯಾರಿಗೆ ಇಟ್ಟಿದ್ದೆ?" ಅಂದೆ.

"ನಿಂಗೆ. ಬಂದ ವಾರವೇ ಭಾನುವಾರ ಕೊಡೋಣ ಅಂತಿದ್ದೆ. ನೀನು ಕೋಟು ಒಳಗೆ ಹಾಕ್ಬಿಟ್ಟೆ. ನೀನು ಯಾವ ಭಾನುವಾರಾನೂ ತಿನ್ನಲ್ವಲ್ಲ, ನಂಗೆ ಮಾತ್ರ ಕೊಡ್ತೀಯ."

ಅವಳು ಹೇಳಿದ್ದು ನಿಜ ಕಣೆ. ಅಪ್ಪನ ಪೊಟ್ಟಣವನ್ನು ನಿನಗೆ ಕೊಟ್ಟಾಗಿನಿಂದ ನಾನು ಬಾಯಿಗೆ ಮಿಠಾಯಿ ಹಾಕಿಲ್ಲ. ಅದನ್ನು ಯಾರೂ ಗಮನಿಸಿರಲಿಲ್ಲ, ನಾನೂ ಗಮನಿಸಿರಲಿಲ್ಲ.

ಅವಳಿಗೆ ಕೋಟು ತೊಡಿಸಿದೆ. ತೋಳು ಮಣಿಕಟ್ಟಿಗೆ ಸರಿಯಾಗಿ ಬಂತು, ನೀನು ಬಿಟ್ಟ ಉದ್ದವನ್ನು ಅವಳು ಪೆಟ್ಟಿಗೆಯ ಹೊರಗಿದ್ದುಕೊಂಡೇ ಬೆಳೆದುಬಿಟ್ಟಿದ್ದಾಳೆ. ಆಮೇಲೆ ಕಾಗದ ಬಿಡಿಸತೊಡಗಿದೆ. ಅವಳು ಗಾಬರಿಯಾಗಿ ಗೋಡೆಯ ಕ್ಯಾಲೆಂಡರ್ ನೋಡಿದಳು, ನನ್ನ ಮುಖ ನೋಡಿದಳು. ಮೆಲ್ಲಗೆ ನನ್ನ ಕೈ ಹಿಡಿದು, "ಅಮ್ಮಾ, ಇವತ್ತು ಬುಧವಾರ" ಅಂದಳು.

"ಗೊತ್ತು" ಅಂದು ಬಾಯಿಗೆ ಹಾಕಿಕೊಂಡೆ.

ನಿನ್ನ
ಅಳತೆಗೋಲು